ಅರಿಝೋನದ ಈತೊಯ್ ಈರುಳ್ಳಿ: ಬೇಸಿಗೆಗೆ ಕೀಳುವುದೋ, ಮಣ್ಣಲ್ಲೇ ಬಿಡುವುದೋ?

ಚಾಂಡ್ಲರ್ ಕೈತೋಟ:

ನಮಸ್ಕಾರ. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ 4×8 ಅಡಿಯ ಎತ್ತರದ ಮಡಿಯಲ್ಲಿ ಈತೊಯ್ ಎಂಬ, ಗುಂಪು ಕಟ್ಟುವ ಸಣ್ಣ ಈರುಳ್ಳಿ ಇದೆ. ಒಂದು ಅಡಿ ಆಳದ ಮಣ್ಣು, ಅರ್ಧ ಕಾಂಪೋಸ್ಟ್, ಅರ್ಧ ಅಂಗಡಿಯ ಚೀಲದ ಮಣ್ಣು, ಮೇಲೊಂದು ಪದರ ಚೀಲದಲ್ಲಿ ಬರುವ ಸಗಣಿ ಗೊಬ್ಬರ. ಅಕ್ಟೋಬರ್‌ನಲ್ಲಿ ಕುಳಿಗೊಂದರಂತೆ ಏಳೆಂಟು ಗಡ್ಡೆಗಳ ಗುಂಪನ್ನು ಹಾಗೇ ನೆಟ್ಟದ್ದು. ಚಳಿಗಾಲವೆಲ್ಲ ಸೊಪ್ಪು ಚೆನ್ನಾಗಿ ಬಂತು, ವಾರಕ್ಕೊಮ್ಮೆ ಕೊಯ್ದಿದ್ದೇವೆ. ಈಗ ಮೇ ಮೊದಲ ವಾರ. ಮಾರ್ಚ್‌ನಿಂದ ಎಲೆ ತುದಿ ಎರಡು ಇಂಚು ಕಂದಾಗಿ ಒಣಗುತ್ತಿದೆ. ಒಂದು ಬುಡ ಕಿತ್ತು ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಗಡ್ಡೆ, ಎಲ್ಲವೂ ಕಿರುಬೆರಳ ಉಗುರಿನಷ್ಟೇ. ಸಾಂಬಾರಿಗೆ ಹಾಕಬೇಕೆಂದರೆ ಸುಲಿಯುವುದರಲ್ಲೇ ಸಂಜೆ ಆಗುತ್ತದೆ.

ಕೇಳಬೇಕಾದ್ದು: ಬೇಸಿಗೆಗೆ ಎಲ್ಲ ಕಿತ್ತು ಒಳಗಿಡಬೇಕಾ, ಮಣ್ಣಲ್ಲೇ ಬಿಡಬಹುದಾ? ತುದಿ ಸುಡುವುದು ರೋಗವೇ? ಗಡ್ಡೆ ದಪ್ಪ ಆಗುವ ಉಪಾಯ ಏನು? ಹೂವೇ ಬರಲಿಲ್ಲ, ಬೀಜ ಹಿಡಿಯುವುದು ಹೇಗೆ? ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗುವಾಗ ನಾಲ್ಕು ಗಡ್ಡೆ ಒಯ್ದರೆ ಅಲ್ಲಿ ಬರುತ್ತದಾ?

ಟೂಸಾನ್ ಮಣ್ಣು:

ಬೀಜದ ಆಸೆ ಬಿಟ್ಟುಬಿಡಿ. ಇದು ಹೂ ಬಿಡುವುದೇ ಅಪರೂಪ, ಗಡ್ಡೆಯಿಂದ ಗಡ್ಡೆಗೆ ಮುಂದುವರಿಯುವ ಗಿಡ. ಅಂದರೆ ನಿಮ್ಮ ಮಡಿಯಲ್ಲಿರುವುದಕ್ಕೂ ನಮ್ಮ ಟೂಸಾನ್ ಮಡಿಗಳಲ್ಲಿರುವುದಕ್ಕೂ ಗುಣದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಮಣ್ಣು, ನೀರು, ನೆಟ್ಟ ಕಾಲ, ಅಂತರ ಇವೇ ಬೆಳೆಯನ್ನು ತೀರ್ಮಾನಿಸುತ್ತವೆ.

ಇದನ್ನು ಮರುಭೂಮಿಯ ಕಾಡು ಈರುಳ್ಳಿ ಅಂತ ಮಾರುವವರಿದ್ದಾರೆ, ನಂಬಬೇಡಿ. ಅಡುಗೆಮನೆಯ ಈರುಳ್ಳಿಯದೇ ಜಾತಿ, ಅಲಿಯಮ್ ಸೀಪ. ಅದರಲ್ಲಿ ಗುಂಪು ಕಟ್ಟುವ ಅಗ್ರಿಗೇಟಮ್ ಪಂಗಡ, ಊರಿನ ಸಾಂಬಾರ್ ಈರುಳ್ಳಿಯ ದಾಯಾದಿ. ತವರು ಮಧ್ಯ ಏಷ್ಯಾ. ಈ ಸೀಮೆಗೆ ತಂದವರು ಸ್ಪೇನಿನ ಪಾದ್ರಿಗಳು, 17ನೇ ಶತಮಾನದ ಕೊನೆಗೆ ಎನ್ನುತ್ತಾರೆ. ಜೆಸ್ಯೂಟ್ ಪಾದ್ರಿ ಯುಸೇಬಿಯೊ ಕಿನೊ ಇತ್ತ ಬಂದದ್ದು 1687ರಲ್ಲಿ, ಟೂಸಾನ್ ಹತ್ತಿರದ ಸ್ಯಾನ್ ಝೇವಿಯರ್ ಮಿಷನ್ ಶುರುವಾದದ್ದು 1692ರಲ್ಲಿ. ಗೋಧಿ ಬಂದದ್ದೂ ಅದೇ ದಾರಿಯಲ್ಲಿ. ಆಮೇಲೆ ಬಬೋಕಿವರಿ ಬೆಟ್ಟದ ಕಡೆ ಯಾರ ಆರೈಕೆಯೂ ಇಲ್ಲದೆ ಉಳಿದುಕೊಂಡಿತು. ಆ ಬೆಟ್ಟದ ಗುಹೆಯಲ್ಲಿ ತಮ್ಮ ಹಿರಿಯಣ್ಣ ಈತೊಯ್ ನೆಲೆಸಿದ್ದಾನೆ ಎಂಬುದು ಇಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರ ನಂಬಿಕೆ. ಈರುಳ್ಳಿಗೆ ಅವನದೇ ಹೆಸರು. ಇವತ್ತು ನಮ್ಮ ಕೈಗೆ ಸಿಗುವಂತೆ ಕಾಪಾಡಿದ್ದರಲ್ಲಿ ಟೂಸಾನ್‌ನ ನೇಟಿವ್ ಸೀಡ್ಸ್ ಸರ್ಚ್ ಸಂಸ್ಥೆಯ ಪಾಲು ದೊಡ್ಡದು, ಅದು 1983ರಿಂದ ಇಂಥ ತಳಿಗಳನ್ನು ಉಳಿಸುತ್ತಿದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಬೆಟ್ಟದ ಬದುಕಲ್ಲೇ ಇದೆ. ಚಳಿಗಾಲದ ಮಳೆಗೆ ಬೆಳೆಯುತ್ತದೆ, ಮೇ ಕೊನೆಗೆ ಸೊಪ್ಪು ಒಣಗುತ್ತದೆ, ಜೂನ್ ಪೂರ್ತಿ ನಿದ್ದೆ, ಜುಲೈ ಮಳೆ ಬಿದ್ದಾಗ ಮತ್ತೆ ಚಿಗುರು. ಮೇ-ಜೂನ್‌ನಲ್ಲಿ ಅಲ್ಲಿನ ಮಣ್ಣಲ್ಲಿ ತೇವವೇ ಇರುವುದಿಲ್ಲ. ಬಿಸಿಲಿಗೆ ಈ ಗಡ್ಡೆ ಅಷ್ಟು ಸುಲಭವಾಗಿ ಸಾಯದು. ಬಿಸಿ ಮಣ್ಣು, ಮೇಲೆ ನೀರು, ಎರಡೂ ಸೇರಿದರೆ ಕೊಳೆಯುತ್ತದೆ. ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಆ ಮಡಿಯ ನೀರನ್ನು ಮೇ ಮಧ್ಯದಿಂದ ಜುಲೈವರೆಗೆ ಪೂರ್ತಿ ನಿಲ್ಲಿಸಬಹುದೇ? ನಿಲ್ಲಿಸಬಹುದಾದರೆ ಮಣ್ಣಲ್ಲೇ ಬಿಡಿ. ಮೇಲೆ ಎರಡು ಮೂರು ಇಂಚು ಒಣಹುಲ್ಲು ಹೊದಿಸಿ, ಶೇ. 40–50ರ ನೆರಳುಬಲೆ ಕಟ್ಟಿ. ಆ ಮಡಿಗೆ ನೀರು ಬಿಡುವ ವಾಲ್ವ್‌ನಲ್ಲೇ ಬೆಂಡೆಯೋ ಬದನೆಯೋ ಇದ್ದರೆ ಬೇರೆ ಯೋಚನೆಯೇ ಬೇಡ, ಕಿತ್ತುಬಿಡಿ.

ಕೀಳುವುದಾದರೆ ಅರ್ಧಕ್ಕಿಂತ ಹೆಚ್ಚು ಸೊಪ್ಪು ತಾನಾಗಿ ಮಲಗುವವರೆಗೆ ಕಾಯಿರಿ, ಇಲ್ಲಿ ಸಾಮಾನ್ಯವಾಗಿ ಮೇ ಕೊನೆಯ ವಾರ. ಕೀಳುವ 10 ದಿನ ಮೊದಲೇ ನೀರು ನಿಲ್ಲಿಸಿ. ಎಲೆ ಹಿಡಿದು ಎಳೆದರೆ ಕತ್ತು ಹರಿದು ಗಾಯದಲ್ಲಿ ಕಪ್ಪು ಬೂಷ್ಟು ಕೂರುತ್ತದೆ, ಹಾಗಾಗಿ ಕೈಗುದ್ದಲಿಯಿಂದ ಕೆಳಗಿನಿಂದ ಎತ್ತಿ. ತೊಳೆಯಬೇಡಿ, ಗುಂಪು ಬಿಡಿಸಬೇಡಿ, ಸೊಪ್ಪು ಕತ್ತರಿಸಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ, ಎರಡು ಮೂರು ವಾರ ಒಣಗಲಿ. 43 ಡಿಗ್ರಿ ಬಿಸಿಲಿಗೆ ಹರಡಿದರೆ ಗಡ್ಡೆ ಬೆಂದು ಮೆತ್ತಗಾಗುತ್ತದೆ.

ದಪ್ಪದ ವಿಚಾರಕ್ಕೆ ಬಂದರೆ, ಇದರ ಒಳ್ಳೆಯ ಗಡ್ಡೆಯೂ ಹೆಬ್ಬೆರಳ ತುದಿಯಷ್ಟೇ, ಉದ್ದಕ್ಕೆ ತೆಳ್ಳಗೆ. ಅದಕ್ಕಿಂತ ದೊಡ್ಡದನ್ನು ನಿರೀಕ್ಷಿಸಬೇಡಿ. ಆದರೆ ಕಿರುಬೆರಳ ಉಗುರಿನಷ್ಟು ಅಂದರೆ ನೆಟ್ಟ ರೀತಿ ಸರಿಯಿಲ್ಲ. ಏಳೆಂಟು ಗಡ್ಡೆಯ ಗುಂಪನ್ನು ಒಂದೇ ಕುಳಿಗೆ ಇಳಿಸಿದರೆ ಪ್ರತಿಯೊಂದೂ ಮತ್ತೆ ಒಡೆಯುತ್ತದೆ, ಒಂದು ಗೇಣು ಜಾಗದಲ್ಲಿ ಮೂವತ್ತು ನಲವತ್ತು ಕವಲು ಬೆಳಕಿಗೆ ನೀರಿಗೆ ಕಿತ್ತಾಡುತ್ತವೆ. ಈ ಸಲ ಗುಂಪು ಬಿಡಿಸಿ ಒಂದೊಂದೇ ಗಡ್ಡೆ ನೆಡಿ. ಗಡ್ಡೆ ಬೇಕಾದರೆ 6 ಇಂಚು ಅಂತರ, ಬರೀ ಸೊಪ್ಪಿಗಾದರೆ 3 ಇಂಚು ಸಾಕು. ಮೊನೆ ಮೇಲಕ್ಕಿರಲಿ, ತುದಿ ಮಣ್ಣಿನ ಮಟ್ಟಕ್ಕೆ ಕಾಣುವಷ್ಟು ಇರಲಿ. ಎರಡು ಇಂಚು ಆಳಕ್ಕೆ ಹೂತರೆ ಕತ್ತು ಉದ್ದವಾಗಿ ಗಡ್ಡೆ ಇನ್ನೂ ಸಣಕಲಾಗುತ್ತದೆ.

ಬಿತ್ತನೆಗೆ ಮಧ್ಯಮ ಗಾತ್ರದ್ದು ಆರಿಸಿ. ಅತಿ ದಪ್ಪದ ತಾಯಿಗಡ್ಡೆಯೊಳಗೆ ಕಣ್ಣು ಹೆಚ್ಚು. ಅದು ಹೆಚ್ಚು ಒಡೆದು ಮರಿಗಳು ಸಣ್ಣದಾಗುತ್ತವೆ. ನೆಡುವ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ಮಾರ್ಚ್ ಆದ ಮೇಲೆ ಹಗಲು 12 ಗಂಟೆ ದಾಟಿ ಬಿಸಿ ಏರುತ್ತಿದ್ದಂತೆ ಗಡ್ಡೆ ಕಟ್ಟಲು ಶುರು. ಆ ಹೊತ್ತಿಗೆ ಎಷ್ಟು ಎಲೆ ಇದೆಯೋ ಅಷ್ಟೇ ದಪ್ಪ. ನೀವು ವಾರಕ್ಕೊಮ್ಮೆ ಸೊಪ್ಪು ಕೊಯ್ದಿದ್ದೀರಿ, ಗಡ್ಡೆಗೆ ಹೋಗಬೇಕಾದ್ದು ಪಲ್ಯಕ್ಕೆ ಹೋಯಿತು. ಅರ್ಧ ಮಡಿ ಸೊಪ್ಪಿಗೆ, ಅರ್ಧ ಗಡ್ಡೆಗೆ ಎಂದು ಭಾಗ ಮಾಡಿ. ಗಡ್ಡೆಯ ಭಾಗಕ್ಕೆ ಫೆಬ್ರವರಿ ನಂತರ ಕತ್ತರಿ ಹಾಕಬೇಡಿ. ಸೊಪ್ಪಿನ ಭಾಗದಲ್ಲೂ ಹೊರಗಿನ ಎಲೆ ಮಾತ್ರ, ಬುಡದಿಂದ ಎರಡು ಮೂರು ಇಂಚು ಬಿಟ್ಟು ಕೊಯ್ಯಿರಿ.

ನೀರು ನೆಲ:

ತುದಿ ಸುಡುವುದರ ಬಗ್ಗೆ. ಮೊದಲು ರೋಗವೋ ಉಪ್ಪೋ ಎಂದು ಬೇರೆ ಮಾಡಿ. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು, ಕತ್ತಿನ ಸಂದಿಯಲ್ಲಿ ಹಳದಿ ಬಣ್ಣದ ಸಣ್ಣ ಹುಳು ಹರಿದಾಡಿದರೆ ಅದು ಥ್ರಿಪ್ಸ್. ಮಧ್ಯದಲ್ಲಿ ನೇರಳೆ ಬಣ್ಣದ ಕಣ್ಣಿನಂಥ ಮಚ್ಚೆ ಇದ್ದರೆ ನೇರಳೆ ಮಚ್ಚೆ ರೋಗ, ಇಲ್ಲಿನ ಒಣ ಹವೆಯಲ್ಲಿ ಅಪರೂಪ, ಸಂಜೆ ತುಂತುರು ನೀರು ಹಾಯಿಸುವವರಿಗೆ ಬರುತ್ತದೆ. ಎಲ್ಲ ಗಿಡದಲ್ಲೂ ಒಂದೇ ಸಮ ತುದಿಯಿಂದ ಕೆಳಕ್ಕೆ ಒಣಗುತ್ತಿದ್ದರೆ ಉಪ್ಪು. ನೀವು ಹೇಳಿದ್ದು ಮೂರನೆಯದು.

ತರಕಾರಿಗಳಲ್ಲಿ ಈರುಳ್ಳಿಯಷ್ಟು ಉಪ್ಪು ತಡೆಯದ ಬೆಳೆ ಕಡಿಮೆ. ಮಣ್ಣಿನ ಲವಣ ಮೀಟರಿಗೆ 1.2 ಡೆಸಿಸೀಮೆನ್ಸ್ (ಉಪ್ಪನ್ನು ಅಳೆಯುವ ಮಾನ) ದಾಟಿದರೆ ಇಳುವರಿ ಬೀಳಲು ಶುರು, ಆಮೇಲೆ ಒಂದೊಂದು ಅಂಕಕ್ಕೂ ಸುಮಾರು ಶೇ. 16 ಕಡಿತ. ಫೀನಿಕ್ಸ್ ಸುತ್ತಲಿನ ನಲ್ಲಿ ನೀರಲ್ಲೇ ಉಪ್ಪಿದೆ, ಅದರ ಮೇಲೆ ನೀವು ಚೀಲದ ಸಗಣಿ ಗೊಬ್ಬರ ಹಾಕಿದ್ದೀರಿ. ಆ ಚೀಲದ ಗೊಬ್ಬರದಲ್ಲಿ ಉಪ್ಪು ಜಾಸ್ತಿ, ಊರಿನ ಕೊಟ್ಟಿಗೆ ಗೊಬ್ಬರದ ಲೆಕ್ಕ ಇಲ್ಲಿ ನಡೆಯದು. ಮಾರ್ಚ್‌ನಿಂದ ಬಿಸಿಲೇರಿ ನೀರು ಆವಿಯಾದಾಗ ಉಪ್ಪು ಮೇಲೆ ಉಳಿಯುತ್ತದೆ.

ಪರಿಹಾರ ನೀರಿನಿಂದಲೇ. ಒಂದು ಅಡಿ ಆಳದ ಮಣ್ಣಿನೊಳಗೆ 6 ಇಂಚು ನೀರು ಇಳಿದು ಕೆಳಗೆ ಹರಿದುಹೋದರೆ ಅರ್ಧದಷ್ಟು ಉಪ್ಪು ತೊಳೆದುಹೋಗುತ್ತದೆ, 12 ಇಂಚಾದರೆ ಸುಮಾರು ಶೇ. 80. ನಿಮ್ಮ 32 ಚದರ ಅಡಿ ಮಡಿಗೆ 6 ಇಂಚು ಅಂದರೆ 16 ಘನ ಅಡಿ, ಹತ್ತಿರ ಹತ್ತಿರ 120 ಗ್ಯಾಲನ್. ಒಂದೇ ಸಲ ಸುರಿಯಬೇಡಿ, ನಾಲ್ಕು ಕಂತು ಮಾಡಿ, ಒಂದು ಕಂತು ಇಳಿದ ಮೇಲೆ ಇನ್ನೊಂದು. ಮಡಿಯ ತಳ ಹರಿಯುವಂತಿರಬೇಕು. ಕೆಳಗೆ ಕ್ಯಾಲಿಚಿ ಅನ್ನುವ ಸುಣ್ಣಕಲ್ಲಿನ ಗಟ್ಟಿ ಪದರ ಇದ್ದು ನೀರು ನಿಂತರೆ ಉಪ್ಪು ಎಲ್ಲಿಗೂ ಹೋಗದು, ಬೇರು ಮಾತ್ರ ಕೊಳೆಯುತ್ತದೆ. ಈಗ ಮೇ ತಿಂಗಳಲ್ಲಿ ಇದನ್ನು ಮಾಡಬೇಡಿ. ಗಡ್ಡೆ ಕಿತ್ತ ಮೇಲೆ, ಸೆಪ್ಟೆಂಬರ್‌ನಲ್ಲಿ ನೆಡುವ ಮೊದಲು ಒಮ್ಮೆ, ಮತ್ತೆ ಫೆಬ್ರವರಿ ಕೊನೆಗೆ ಒಮ್ಮೆ.

ಹನಿ ಕೊಳವೆ ಹಾಕಿದವರು ಗಮನಿಸಿ: ಒದ್ದೆ ಜಾಗದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದಲ್ಲ, ಉಪ್ಪು ಸೇರುವುದು ಅಲ್ಲಿಯೇ. ಎರಡು ಕೊಳವೆಗಳ ನಡುವೆ ಗಡ್ಡೆ ನೆಟ್ಟರೆ ಸರಿಯಾಗಿ ಆ ಅಂಚಿಗೇ ನೆಟ್ಟಂತೆ. ಕೊಳವೆಯಿಂದ 4 ಇಂಚಿನೊಳಗೆ ಇರಲಿ.

ಸಾರಜನಕಕ್ಕೆ 10 ಅಡಿ ಸಾಲಿಗೆ ಕಾಲು ಕಪ್ ಅಮೋನಿಯಂ ಸಲ್ಫೇಟ್, ನೆಟ್ಟ ನಾಲ್ಕು ವಾರಕ್ಕೆ ಒಮ್ಮೆ, ಜನವರಿಯಲ್ಲಿ ಒಮ್ಮೆ. ಇಲ್ಲಿನ ಕ್ಷಾರ ಮಣ್ಣಿಗೆ ಯೂರಿಯಾಗಿಂತ ಅದೇ ವಾಸಿ. ಮಾರ್ಚ್ ನಂತರ ಕೊಟ್ಟರೆ ಕತ್ತು ದಪ್ಪಗೆ ಹಸಿಯಾಗಿ ಉಳಿದು ಗಡ್ಡೆ ಬಾಳಿಕೆ ಬರುವುದಿಲ್ಲ.

ಧಾರವಾಡದ ಉಳ್ಳಾಗಡ್ಡಿ:

ಮಣ್ಣಾಗ ಬಿಡ್ರಿ ಅಂತ ಹೇಳಿದ್ದಕ್ಕ ನನ್ನ ತಕರಾರು ಐತ್ರಿ. ಬೆಟ್ಟದಾಗ ನಾಕು ಗಡ್ಡಿ ಸತ್ರ ಕೇಳಾವ್ರಿಲ್ಲ. ಎತ್ತರದ ಮಡಿ ಬದೀಗೂ ಬಿಸಿಲು ತಿಂತೈತಿ, ನೆಲಕ್ಕಿಂತ ಅದರ ಮಣ್ಣು ಭಾಳ ಕಾಯ್ತೈತಿ. ಅದರ ಮ್ಯಾಲೆ ಜುಲೈ ಮಳಿ ಒಮ್ಮೆಲೆ ಬಿದ್ರ ಕಾದ ಮಣ್ಣಾಗ ನೀರ ನಿಂತು ಬುಡಕೊಳಿ ಹಿಡೀತೈತಿ. ಅರ್ಧ ಕಿತ್ತು ಒಳಗ ಇಡ್ರಿ, ಅರ್ಧ ಬಿಡ್ರಿ. ಎರಡೂ ಕಡೆ ಗಡ್ಡಿ ಒಮ್ಮೆಲೆ ಹಾಳಾಗಾಕ ಸಾಧ್ಯ ಇಲ್ಲ.

ಬುಡಕೊಳಿ ನೋಡೂದು ಹೆಂಗಂದ್ರ, ಗಡ್ಡಿ ತಿರುವಿ ಬೇರಿನ ತಟ್ಟಿ ಉಗುರಿನಿಂದ ಒತ್ರಿ. ಗಟ್ಟಿ ಬೆಳ್ಳಗ ಇದ್ರ ಚಲೋ. ಕಂದು ಬಣ್ಣಕ್ಕ ತಿರುಗಿ, ಬೇರು ಉದುರಿ, ಬೆಳ್ಳಗ-ಗುಲಾಬಿ ಬೂಷ್ಟ ಕಂಡ್ರ ಫ್ಯುಸೇರಿಯಂ. ಒಗೀರಿ, ಆದ್ರ ಕಾಂಪೋಸ್ಟ್ ಗುಂಡಿಗೆ ಹಾಕಬ್ಯಾಡ್ರಿ. ಆ ಜಾಗಾದಾಗ ನಾಕು ವರ್ಷ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಹಚ್ಚಬ್ಯಾಡ್ರಿ. ಕೊಳೆತ ನಾತ ಹೊಡದು ನೀರ ಸುರಿದ್ರ ಅದು ಬ್ಯಾಕ್ಟೀರಿಯಾ, ಕೀಳುವಾಗ ಗಾಯ ಆದದ್ದಕ್ಕ ಇಲ್ಲಾ ಹಸಿ ಕತ್ತು ಕೊಯ್ದದ್ದಕ್ಕ ಬಂದಿರ್ತೈತಿ.

ಥ್ರಿಪ್ಸ್ ಬಂದ್ರ ಮೊದಲ ಪೈಪ್ ಹಿಡದು ಕತ್ತಿನ ಸಂದಿಗೆ ಜೋರಾಗಿ ನೀರ ಹೊಡೀರಿ, ಮುಂಜಾನೆ. ಅರ್ಧ ಹೋಗ್ತಾವ. ಉಳಿದದ್ದಕ್ಕ ಬೇವಿನೆಣ್ಣಿ ಸಂಜೀಕ. ಬಿಸಿಲಾಗ ಹೊಡದ್ರ ಎಲಿ ಸುಡ್ತೈತಿ.

ಚಾಂಡ್ಲರ್ ಕೈತೋಟ:

ಎಲ್ಲರಿಗೂ ಧನ್ಯವಾದ. ವಾಲ್ವ್ ಒಂದೇ, ಅದೇ ಮಡಿಯ ಇನ್ನೊಂದು ತುದಿಯಲ್ಲಿ ಬೆಂಡೆ ಇದೆ. ಹಾಗಾದರೆ ಕೀಳುತ್ತೇನೆ. ಒಣಗಿದ ಮೇಲೆ ಸೆಪ್ಟೆಂಬರ್‌ವರೆಗೆ ಇಡುವುದೆಲ್ಲಿ? ಗರಾಜ್ ಇದೆ, ಫ್ರಿಜ್ಜಿನ ತರಕಾರಿ ಡಬ್ಬಿ ಇದೆ. ಸುಲಿಯುವ ತಾಪತ್ರಯಕ್ಕೆ ಏನಾದರೂ ದಾರಿ ಇದ್ದರೆ ಅದನ್ನೂ ಹೇಳಿ.

ಟೂಸಾನ್ ಮಣ್ಣು:

ಎರಡೂ ಬೇಡ. ಜೂನ್‌ನಲ್ಲಿ ಗರಾಜ್ 45 ಡಿಗ್ರಿ ಮುಟ್ಟುತ್ತದೆ, ಗಡ್ಡೆ ಒಳಗೇ ಒಣಗಿ ಸಿಪ್ಪೆ ಮಾತ್ರ ಉಳಿಯುತ್ತದೆ. ಫ್ರಿಜ್ಜಿನ ಡಬ್ಬಿಯಲ್ಲಿ 5–8 ಡಿಗ್ರಿ, ಜೊತೆಗೆ ತೇವ. ಈರುಳ್ಳಿಯ ಗುಣ ನೋಡಿ: ಸೊನ್ನೆಯ ಹತ್ತಿರ ಮಲಗಿರುತ್ತದೆ, 25–30 ಡಿಗ್ರಿಯಲ್ಲೂ ಮಲಗಿರುತ್ತದೆ, ನಡುವಿನ 5ರಿಂದ 20 ಡಿಗ್ರಿಯಲ್ಲಿ ಮೊಳಕೆಗೆ ಏಳುತ್ತದೆ. ನಿಮ್ಮ ಮನೆಯೊಳಗೆ ಏಸಿ 26ಕ್ಕೋ 27ಕ್ಕೋ ಇದ್ದರೆ ಅದೇ ಸರಿಯಾದ ಜಾಗ. ಬಲೆ ಚೀಲದಲ್ಲಿ ಹಾಕಿ, ಗಾಳಿ ಆಡುವ ಕಪಾಟಿನ ಮೇಲೋ ಮೊಳೆಗೋ ತೂಗುಹಾಕಿ. ಆಲೂಗಡ್ಡೆ ಬುಟ್ಟಿಯ ಪಕ್ಕ ಇಡಬೇಡಿ. ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದದ್ದನ್ನು ತೆಗೆಯಿರಿ. ಆಗಸ್ಟ್‌ನಲ್ಲೇ ಕೆಲವು ಮೂತಿ ಹಸಿರು ಮಾಡುತ್ತವೆ, ಗಾಬರಿ ಬೇಡ. ಅವನ್ನು ನೆರಳಿನ ಕುಂಡದಲ್ಲಿ ನೆಟ್ಟು, ಅಕ್ಟೋಬರ್‌ನಲ್ಲಿ ಮಡಿಗೆ ಇಳಿಸಿ.

ಸುಲಿಯಲು: ಬೇರು ತಟ್ಟೆ ಕತ್ತರಿಸಿ, ಉಗುರುಬೆಚ್ಚನೆ ನೀರಲ್ಲಿ 15 ನಿಮಿಷ ನೆನೆಸಿ, ಬುಡದಿಂದ ಮೊನೆಯ ಕಡೆಗೆ ಹಿಂಡಿದರೆ ಜಾರಿ ಬರುತ್ತದೆ. ನೆನೆಸಿದ್ದನ್ನು ಅಂದೇ ಬಳಸಬೇಕು. ಸಾಂಬಾರಿಗೆ ಇಡೀ ಗಡ್ಡೆ ಹಾಕುವುದಾದರೆ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಹಸಿಯಾಗಿ ಖಾರ ಬಲು ಜೋರು, ಕೋಸಂಬರಿಗೆ ಅರ್ಧ ಪಾಲು ಸಾಕು.

ಗುಂಡ್ಲುಪೇಟೆ ಹೊಲ:

ಮೈಸೂರಿನ ವಿಚಾರ. ಒಯ್ಯಬೇಡಿ. ನೆಡುವ ಗಡ್ಡೆ ಭಾರತಕ್ಕೆ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಅಮೆರಿಕದ ಕಡೆಯಿಂದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ನಾಲ್ಕೇ ಗಡ್ಡೆ ಅನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ. ಈರುಳ್ಳಿಗೆ ಬರುವ ಬಿಳಿಕೊಳೆ ಎಂಬ ಬೂಷ್ಟು ರೋಗದ ಕಾಳಿನಂಥ ಗಂಟು ಮಣ್ಣಿಗೆ ಒಮ್ಮೆ ಸೇರಿದರೆ ಇಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ. ಗಡ್ಡೆಯ ಬುಡದ ಚಿಟಿಕೆ ಮಣ್ಣೇ ಅದಕ್ಕೆ ಸಾಕು.

ಒಯ್ದರೂ ಲಾಭ ಕಡಿಮೆ. ಫೀನಿಕ್ಸ್‌ನಲ್ಲಿ ಹಗಲು ಡಿಸೆಂಬರ್‌ನ 10 ಗಂಟೆಯಿಂದ ಜೂನ್‌ನ 14 ಗಂಟೆ 20 ನಿಮಿಷಕ್ಕೆ ಏರುತ್ತದೆ. ಮೈಸೂರಲ್ಲಿ ವರ್ಷವಿಡೀ 11 ಗಂಟೆ 25 ನಿಮಿಷದಿಂದ 12 ಗಂಟೆ 50 ನಿಮಿಷದೊಳಗೆ. ಗಿಡ ಸೊಪ್ಪು ಕೊಡುತ್ತಾ ಒಡೆಯುತ್ತಾ ಇರಬಹುದು, ಗಡ್ಡೆ ಕಟ್ಟಿ ಮಲಗುವ ಸೂಚನೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಒಗ್ಗಿದ ಒಣ ಜೂನ್ ಕೂಡ ನಮ್ಮಲ್ಲಿಲ್ಲ, ಆಗ ಇಲ್ಲಿ ಮುಂಗಾರು.

ಗುಂಪು ಕಟ್ಟುವ ಈರುಳ್ಳಿಯೇ ಬೇಕೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸಾಂಬಾರ್ ಈರುಳ್ಳಿ ಇದೆಯಲ್ಲ. 45 ಸೆಂಮೀಗೊಂದು ಬೋದು (ಮಣ್ಣಿನ ಏರು ಸಾಲು), ಎರಡೂ ಮಗ್ಗುಲಿಗೆ 10 ಸೆಂಮೀಗೊಂದು ಗಡ್ಡೆ, ಎಕರೆಗೆ ಸುಮಾರು 400 ಕೆಜಿ ಬಿತ್ತನೆ ಗಡ್ಡೆ. ಕೈತೋಟಕ್ಕಾದರೆ ಅರ್ಧ ಕೆಜಿ ಸಾಕು. ಕಿತ್ತ ಕೂಡಲೇ ನೆಟ್ಟರೆ ಏಳುವುದು ಒಂದೊಂದು ಒಂದೊಂದು ದಿನ, ಅದಕ್ಕೆ ಎರಡು ತಿಂಗಳು ಹಳೆಯದಾದ ಗಡ್ಡೆ ಕೇಳಿ ತನ್ನಿ. ಬೀಜದಿಂದಲೇ ಬೆಳೆಸಬೇಕೆಂದರೆ ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯದ ಸಿಒ-5 ತಳಿ ಹೂ ಬಿಟ್ಟು ಬೀಜ ಕಟ್ಟುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿಯನ್ನೂ ಕೆಲವರು ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಬೀಜದ ಬೆಳೆ, ಒಂದು ಗಿಡಕ್ಕೆ ಒಂದೇ ಗಡ್ಡೆ, ಗುಂಪು ಕಟ್ಟುವುದಿಲ್ಲ.

ನೀರು ನೆಲ:

ಇನ್ನೊಂದು ಮಾತು. ಮೂಲದ ಗಡ್ಡೆಯೇ ಬೇಕೆಂದು ಬಬೋಕಿವರಿಗೆ ಗುದ್ದಲಿ ಹಿಡಿದು ಹೋಗುವ ಯೋಚನೆ ಕೆಲವರಿಗೆ ಬರುತ್ತದೆ. ಪಶ್ಚಿಮದ ಮಗ್ಗುಲು ತೊಹೊನೊ ಓಡಮ್ ನಾಡು, ಅವರ ಅಪ್ಪಣೆ ಇಲ್ಲದೆ ಕಾಲಿಡುವಂತಿಲ್ಲ. ಪೂರ್ವದ ಮಗ್ಗುಲಲ್ಲಿ 1990ರಿಂದ ಸಂರಕ್ಷಿತ ವನ್ಯಪ್ರದೇಶ ಇದೆ. ಅವರಿಗೆ ಅದು ದೇವರ ಬೆಟ್ಟ, ಅಲ್ಲಿ ಅಗೆಯುವುದು ಸಲ್ಲದು. ಗಡ್ಡೆ ಟೂಸಾನ್‌ನಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ.

ಅರಿಝೋನದ ಬೇರೆ ಬೆಟ್ಟಗಳಲ್ಲೂ ಕಂಡದ್ದನ್ನು ಕಿತ್ತು ತಿನ್ನಬೇಡಿ. ಡೆತ್ ಕ್ಯಾಮಸ್ ಅನ್ನುವ ವಿಷದ ಗಡ್ಡೆ ನೋಡಲು ಈರುಳ್ಳಿಯಂತೆಯೇ ಇರುತ್ತದೆ, ಆದರೆ ಜಜ್ಜಿದರೆ ಈರುಳ್ಳಿ ವಾಸನೆ ಬರದು. ಈರುಳ್ಳಿ ಹಿಡಿದ ಕೈಯಲ್ಲೇ ಜಜ್ಜಿದರೆ ಮೂಗು ಮೋಸ ಹೋಗುತ್ತದೆ, ಕೈ ತೊಳೆದು ನೋಡಬೇಕು. ಎಲೆಯನ್ನೂ ಅಡ್ಡಕ್ಕೆ ಕತ್ತರಿಸಿ ನೋಡಿ. ಈತೊಯ್ ಎಲೆ ಒಳಗೆ ಟೊಳ್ಳು, ಡೆತ್ ಕ್ಯಾಮಸ್ ಎಲೆ ಹುಲ್ಲಿನಂತೆ ಚಪ್ಪಟೆ.

ಚಾಂಡ್ಲರ್ ಕೈತೋಟ:

ಬಿತ್ತನೆಗೆ ಎಷ್ಟು ಎತ್ತಿಡಬೇಕು? ಇಡೀ ಮಡಿಗೆ 6 ಇಂಚಿನ ಅಂತರದಲ್ಲಿ ಲೆಕ್ಕ ಹಾಕಿದರೆ 128 ಗಡ್ಡೆ ಬರುತ್ತದೆ.

ಟೂಸಾನ್ ಮಣ್ಣು:

ಲೆಕ್ಕ ಸರಿ. 160 ಎತ್ತಿಡಿ, ಬೇಸಿಗೆಯಲ್ಲಿ ಒಂದಷ್ಟು ಹೋಗುತ್ತವೆ. ಇನ್ನೊಂದು 30 ಗಡ್ಡೆ ಬೇರೆ ಮನೆಯಲ್ಲಿರಲಿ, ಗೆಳೆಯರಿಗೆ ಕೊಟ್ಟು ಅವರಿಂದ ನೆಡಿಸಿ. ಬೀಜ ಇಲ್ಲದ ತಳಿ, ಮಡಿಗೆ ಬುಡಕೊಳೆ ಹತ್ತಿದರೆ ಮತ್ತೆ ಶುರು ಮಾಡಲು ಆ ಮೂವತ್ತೇ ಗತಿ. ಎಲೆಯಲ್ಲಿ ಹಳದಿ ಗೆರೆ, ಸುಕ್ಕು ಕಂಡ ಗಿಡಗಳಿಗೆ ಈಗಲೇ ಕಡ್ಡಿ ನೆಟ್ಟು ಗುರುತು ಮಾಡಿ. ಅದು ವೈರಸ್ ಇರಬಹುದು, ಗಡ್ಡೆಯ ಜೊತೆಗೇ ಮುಂದಿನ ವರ್ಷಕ್ಕೂ ಬರುತ್ತದೆ. ಸೊಪ್ಪು ಒಣಗಿದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಗುರುತಿನವನ್ನೆಲ್ಲ ಸಾಂಬಾರಿಗೆ ಹಾಕಿ, ಬಿತ್ತನೆಗೆ ಬೇಡ.